ಹನ್ನೊಂದು ಅಬ್‌ಸ್ಟ್ರಕ್ಷನ್

ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದೆ. ನನಗೆ ಬರುವ ಇಂಗ್ಲಿಷನ್ನೆಲ್ಲ ಒಂದು ಬೆಂಕಿಪೊಟ್ಟಣದ ಹಿಂಬದಿಯಲ್ಲಿ ಬರೆದು ಮುಗಿಸಬಹುದು. ಆದರೆ ಒಂದು ಪದವನ್ನು ಮಾತ್ರ ನಿದ್ದೆಗಣ್ಣಲ್ಲಿ ಕೇಳಿದರೂ ತಪ್ಪಿಲ್ಲದೆ ಬರೆಯುತ್ತೇನೆ. ಅಬ್‌ಸ್ಟ್ರಕ್ಷನ್. ಹಾಗೆಂದರೆ ಅಡ್ಡಿ, ಅಡಚಣೆ, ದಾರಿಗೆ ಅಡ್ಡ ಬಿದ್ದ ವಸ್ತು. ಇದು ಡಿಕ್ಷನರಿಯವರು ಹೇಳುವ ಮಾತು. ನಮ್ಮ ಲಿಫ್ಟ್ ಕಂಪನಿಯ ಶೆಡ್ಡಿನಲ್ಲಿ ಅದನ್ನು ಬಳಸುತ್ತಿದ್ದ ರೀತಿ ಹೇಗೆಂದು ನಾನು ಹೇಳುತ್ತೇನೆ, ಕೇಳಿ.

ಕಂಪನಿಯ ದೂರು ಪುಸ್ತಕದ ಕೊನೆಯ ಕಾಲಂ 'ಕಾರಣ'. ಅಲ್ಲಿ 'ಎಲೆಕ್ಟ್ರಿಕಲ್' ಎಂದು ಬರೆದರೆ ವೈರಿಂಗ್ ವಿಭಾಗದವರು ತೋಳು ಮಡಚಿಕೊಂಡು ಜಗಳಕ್ಕೆ ಬರುತ್ತಾರೆ. 'ಮೆಕ್ಯಾನಿಕಲ್' ಎಂದರೆ ಬಿಡಿಭಾಗಕ್ಕೆ ಅರ್ಜಿ ಹಾಕು, ಮೂರು ಸಹಿ ಹಾಕಿಸು, ಭಾಗ ಬರುವ ತನಕ ಲಿಫ್ಟ್ ನಿಲ್ಲಿಸು, ಆರನೇ ಮಹಡಿಯ ಮುದುಕರ ಬಾಯಿಂದ ಮಂಗಳಾರತಿ ಮಾಡಿಸಿಕೋ. 'ಅಬ್‌ಸ್ಟ್ರಕ್ಷನ್' ಎಂದರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಬಾಗಿಲ ಹಳಿಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು, ತೆಗೆದೆ, ಮುಗಿಯಿತು. ಕಲ್ಲನ್ನು ಯಾರು ವಿಚಾರಣೆಗೆ ಕರೆಯುತ್ತಾರೆ?

ಇದನ್ನು ಕಲಿಸಿದ್ದು ನನ್ನ ಮೇಸ್ತ್ರಿ. ಕೆಲಸಕ್ಕೆ ಸೇರಿದ ಎರಡನೇ ವಾರ, ಕೆಟ್ಟಿದ್ದೇನೆಂದು ತಿಳಿಯದೆ ಪೆನ್ನು ಕಚ್ಚುತ್ತ ಕೂತಿದ್ದೆ. "ಏನೋ, ಕಾದಂಬರಿ ಬರೀತಿದೀಯಾ? ಅಬ್‌ಸ್ಟ್ರಕ್ಷನ್ ಹಾಕು, ಮನೆಗೆ ನಡಿ" ಎಂದರು. ಅವತ್ತು ಹಾಕಿದೆ. ಆಮೇಲೂ ಹಾಕಿದೆ. ನನ್ನ ಕೈಕೆಳಗೆ ಪಳಗಿದವರಿಗೆಲ್ಲ ಹಾಗೆಯೇ ಕಲಿಸಿದೆ. "ಏನ್ ಮಾಡ್ದೆ?" "ಅಡ್ಡ ಹಾಕಿ ಬಂದೆ." ಹೀಗೆ ಹೇಳಿಕೊಂಡು ನಗುತ್ತಿದ್ದೆವು.

ನಾನು ಕಲಿಸದೇ ಬಿಟ್ಟವನು ಒಬ್ಬನೇ, ನನ್ನ ಅಳಿಯ; ಅವನ ಎದುರು ಆ ತಮಾಷೆಯನ್ನೂ ಮಾಡುತ್ತಿರಲಿಲ್ಲ. ಮಗಳನ್ನು ಕೊಟ್ಟವನೂ ನಾನೇ, ಆಮೇಲೆ ಕೆಲಸಕ್ಕೆ ಸೇರಿಸಿದವನೂ ನಾನೇ. ಯಾರು ಏನೇ ಹೇಳಲಿ, "ಎಲ್ಲಿ, ತೋರ್ಸಿ" ಎನ್ನುವ ಆಸಾಮಿ. ಶೆಡ್ಡಿನಲ್ಲಿ ಅವನಿಗೆ 'ಎಲ್ಲಿತೋರ್ಸಿ' ಎಂದೇ ಹೆಸರು ಬಿದ್ದಿತ್ತು. ಒಂದು ಸ್ಕ್ರೂ ಸಡಿಲವಾಗಿದೆ ಎಂದರೂ ಮುಟ್ಟಿ ನೋಡಿಯೇ ನಂಬುತ್ತಿದ್ದ. ನಾನು ಬರೆದದ್ದನ್ನು ಮಾತ್ರ ಮುಟ್ಟಿ ನೋಡುತ್ತಿರಲಿಲ್ಲ. "ಮಾವ ಬರ್ದಿದಾರೆ ಅಂದ್ರೆ ಇರತ್ತೆ" ಎನ್ನುತ್ತಿದ್ದ. ಅದನ್ನು ಕೇಳಿ ನಾನು ಮೀಸೆಯಡಿ ನಗುತ್ತಿದ್ದೆ, ನಾಚಿಕೆಗೆಟ್ಟವನು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಹೊಸ ಮೇಡಂ ಕರೆದರು. ನಮ್ಮ ಶೆಡ್ಡಿಗೆ ಮೇಲ್ವಿಚಾರಕಿಯಾಗಿ ಬಂದು ಮೂರು ವಾರವಾಗಿತ್ತು. ನನ್ನ ಮಗಳ ಪ್ರಾಯ. ಮೇಜಿನ ಮೇಲೆ ದೂರು ಪುಸ್ತಕ ಬಿಚ್ಚಿಟ್ಟುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದರು.

"ಚಪ್ಪಲಿ ಅಂಗಡಿ ಕಟ್ಟಡ" ಎಂದರು. "ಎರಡು ತಿಂಗಳಲ್ಲಿ ಹನ್ನೊಂದು ದೂರು. ಬಾಗಿಲು ತೆಗೀತಿಲ್ಲ, ಬಾಗಿಲು ಮುಚ್ತಿಲ್ಲ. ಹನ್ನೊಂದು ಸಲಾನೂ ನೀವೇ ಹೋಗಿದೀರ. ಹನ್ನೊಂದು ಸಲಾನೂ ಅಬ್‌ಸ್ಟ್ರಕ್ಷನ್."

"ಹೌದು ಮೇಡಂ. ಅಲ್ಲಿ ಜನ ಜಾಸ್ತಿ. ಕೆಳಗೆ ಚಪ್ಪಲಿ ಅಂಗಡಿ, ಮೂರನೇ ಮಹಡೀಲಿ ಹಲ್ಲಿನ ಡಾಕ್ಟ್ರು. ಹೋಗೋರು ಬರೋರು ಏನೇನೋ ಬೀಳಿಸ್ತಾರೆ."

"ಏನೇನು?"

"ಆಂ?"

"ಅಬ್‌ಸ್ಟ್ರಕ್ಷನ್ ಅಂದ್ರೆ ಏನೋ ಒಂದು ವಸ್ತು ಅಡ್ಡ ಇತ್ತು ಅಂತ ಅಲ್ವಾ? ಆ ವಸ್ತು ಏನು? ಒಂದೊಂದೇ ಹೇಳಿ, ಬರ್ಕೋತೀನಿ."

ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಒಳಗೊಳಗೇ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳಿಗೆ ಏನು ಗೊತ್ತು ಗ್ರೀಸಿನ ವಾಸನೆ, ಎಂದುಕೊಂಡೆ. ಆದರೆ ಬಾಯಿ ಮಾತ್ರ ಸಲೀಸಾಗಿ ಕಾಗೆ ಹಾರಿಸತೊಡಗಿತು. ಮೊದಲನೆಯದು ಕಲ್ಲು. ಎರಡನೆಯದು ಹೇರ್‌ಪಿನ್ನು. ಮೂರನೆಯದು ಪೆನ್ನಿನ ಮುಚ್ಚಳ. ನಾಲ್ಕನೆಯದಕ್ಕೆ ಏನೂ ಹೊಳೆಯದೆ "ಹಲ್ಲು" ಎಂದುಬಿಟ್ಟೆ.

ಮೇಡಂ ತಲೆಯೆತ್ತಿದರು. "ಹಲ್ಲಾ?"

"ಹಲ್ಲಿನ ಡಾಕ್ಟ್ರು ಇದಾರಲ್ಲ ಮೇಡಂ."

ಅವರು ನಗಲಿಲ್ಲ, ಹಾಗೆಯೇ ಬರೆದುಕೊಂಡರು.

ನಿಜ ಏನೆಂದು ನನಗೊಬ್ಬನಿಗೇ ಗೊತ್ತಿತ್ತು. ಆ ಕಟ್ಟಡದ ಚಾವಣಿಯ ಮೇಲೆ, ಲಿಫ್ಟಿನ ಮೋಟಾರು ಇರುವ ಕೋಣೆಯಲ್ಲಿ, ಗೇರುಪೆಟ್ಟಿಗೆಯಿಂದ ಎಣ್ಣೆ ಸೋರಿ ಬ್ರೇಕಿಗೆ ಇಳಿಯುತ್ತಿತ್ತು. ಎಣ್ಣೆ ಹತ್ತಿದ ಬ್ರೇಕು ಲಿಫ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಖಾಲಿ ಕ್ಯಾಬಿನ್ನು ಬಂದು ನಿಂತಮೇಲೂ ಮೆಲ್ಲಗೆ ಎರಡು ಬೆರಳು ಮೇಲಕ್ಕೆ ಜರುಗುತ್ತಿತ್ತು. ಆಗ ಬಾಗಿಲಿಗೆ ಬಾಗಿಲು ಕೂಡುತ್ತಿರಲಿಲ್ಲ. ಹನ್ನೊಂದು ದೂರಿನ ಮೂಲ ಇಷ್ಟೇ. ನಾನು ಪ್ರತಿ ಸಲ ಹೋಗಿ ಬ್ರೇಕನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದೆ. ಮೊದಮೊದಲು ಹತ್ತು ದಿನ ತಡೆಯುತ್ತಿದ್ದದ್ದು ಬರಬರುತ್ತ ನಾಲ್ಕೇ ದಿನಕ್ಕೆ ಇಳಿದಿತ್ತು. 'ಮೆಕ್ಯಾನಿಕಲ್' ಎಂದು ಬರೆದರೆ ಲಿಫ್ಟ್ ತಿಂಗಳುಗಟ್ಟಲೆ ನಿಲ್ಲಬೇಕು. ನನಗೆ ನಿವೃತ್ತಿಗೆ ಎಂಟು ತಿಂಗಳು. ಅಷ್ಟು ದಿನ ಒರೆಸಿಕೊಂಡು ಕಳೆದರಾಯಿತು ಎಂದುಕೊಂಡಿದ್ದೆ. ಕೊನೆಯ ಸಲ ಒರೆಸಿ ಆರು ದಿನವಾಗಿತ್ತು.

"ಐದನೇದು?" ಎಂದರು ಮೇಡಂ.

"ನೆನಪಾಗ್ತಿಲ್ಲ. ಅದನ್ನೆಲ್ಲ ಯಾರು ಜೋಪಾನ ಮಾಡ್ತಾರೆ? ಬಾಗಿಲ ಸಂದೀಲೇ ಕೆಳಗೆ ತಳ್ಳಿಬಿಡ್ತೀವಿ, ಪಿಟ್‌ಗೆ ಬೀಳತ್ತೆ." ಪಿಟ್ ಎಂದರೆ ಲಿಫ್ಟ್ ಓಡಾಡುವ ಬಾವಿಯ ತಳ, ಒಂದಾಳುದ್ದದ ಹಳ್ಳ.

"ಸರಿ, ಹಾಗಾದ್ರೆ ಹನ್ನೊಂದೂ ಅಲ್ಲೇ ಇರ್ಬೇಕು" ಎಂದು ಮೇಡಂ ಪೆನ್ಸಿಲ್ ಕೆಳಗಿಟ್ಟರು. "ಅದಕ್ಕೇ ಬೆಳಿಗ್ಗೇನೇ ನಿಮ್ಮ ಅಳಿಯನ್ನ ಕಳಿಸಿದೀನಿ. ಪಿಟ್ ಪೂರ್ತಿ ಸೋಸಿ, ಸಿಕ್ಕಿದ್ದನ್ನೆಲ್ಲ ತನ್ನಿ ಅಂದೆ. ನಿಮ್ಮ ಮೇಲೆ ಅನುಮಾನ ಅಂತ ಅವರಿಗೆ ಬೇಜಾರಾಯ್ತು. 'ಮಾವ ಬರ್ದಿದಾರೆ ಅಂದ್ರೆ ಇರತ್ತೆ, ಹನ್ನೊಂದನ್ನೂ ತಂದು ನಿಮ್ಮ ಮೇಜಿನ ಮೇಲಿಡ್ತೀನಿ' ಅಂತ ಹೇಳಿ ಹೋದ್ರು."

ಜೇಬಿಗೆ ಕೈ ಹಾಕಿ ಫೋನು ಹಿರಿದೆ. ಯಾಕೆಂದು ಹೇಳಿಬಿಡುತ್ತೇನೆ. ಲಿಫ್ಟಿನ ಹಗ್ಗದ ಒಂದು ತುದಿಗೆ ಕ್ಯಾಬಿನ್ನು, ಇನ್ನೊಂದು ತುದಿಗೆ ಕಬ್ಬಿಣದ ಎದುರುತೂಕ. ಖಾಲಿ ಕ್ಯಾಬಿನ್ನಿಗಿಂತ ಆ ಕಬ್ಬಿಣವೇ ಭಾರ. ಬ್ರೇಕು ಕೈಬಿಟ್ಟರೆ ಕ್ಯಾಬಿನ್ನು ಮೇಲಕ್ಕೆ ಓಡುತ್ತದೆ, ಕಬ್ಬಿಣ ಕೆಳಕ್ಕೆ ಬರುತ್ತದೆ, ಸೀದಾ ಪಿಟ್‌ನ ಹಿಂಭಾಗಕ್ಕೆ. ಅಲ್ಲಿ ನಿಂತವರಿಗೆ ಬಡಿಯದಿರಲೆಂದು ಒಂದು ಜಾಲರಿ ಇರಬೇಕು. ಆ ಕಟ್ಟಡದಲ್ಲಿ ಅದು ತುಕ್ಕು ತಿಂದು ಬಿದ್ದು ವರ್ಷಗಳಾಗಿದ್ದವು. ಪಿಟ್‌ಗೆ ಇಳಿಯುವವನು ಗೋಡೆಯ ಮೇಲಿನ ಸ್ವಿಚ್ಚನ್ನು ಆರಿಸಿ ಇಳಿಯುತ್ತಾನೆ. ಆದರೆ ಸ್ವಿಚ್ಚು ನಿಲ್ಲಿಸುವುದು ಮೋಟಾರನ್ನು ಮಾತ್ರ. ಆಮೇಲೆ ಎಲ್ಲವೂ ಆ ಬ್ರೇಕಿನ ಕೈಯಲ್ಲಿ.

ಅಳಿಯನಿಗೆ ಫೋನು ಮಾಡಿದೆ, ಸಿಗಲಿಲ್ಲ. ಪಿಟ್‌ನೊಳಗೆ ಯಾವ ಫೋನೂ ಸಿಗುವುದಿಲ್ಲ. ಕಟ್ಟಡದ ಆಫೀಸಿಗೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ನಾನು ಸ್ಕೂಟರಿನ ಕೀ ಹುಡುಕುತ್ತಿದ್ದರೆ ಮೇಡಂ, "ಏನಾಯ್ತು ಹೇಳಿ" ಎಂದು ಬೆನ್ನು ಬಿದ್ದರು. "ದಾರೀಲಿ ಹೇಳ್ತೀನಿ" ಎಂದೆ. ಅವರು ಹಿಂದೆ ಹತ್ತಿ ಕೂತರು. ದಾರಿಯುದ್ದಕ್ಕೂ ಮೂರು ಸಲ ಕೇಳಿದರು, ನಾನು ಬಾಯಿ ಬಿಡಲಿಲ್ಲ. ಸಮಯಕ್ಕೆ ಮುಟ್ಟಿದರೆ ಸಾಕು, ಏನೋ ನೆವ ಹೇಳಿ ಅವನನ್ನು ಮೇಲೆ ಕರೆದರಾಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಳಿಯನ ಪ್ರಾಣ ಹೋಗುವ ಹೊತ್ತಿನಲ್ಲೂ ನನ್ನ ತಲೆ ಓಡುತ್ತಿದ್ದದ್ದು ಹೀಗೆ. ಥೂ!

ಚಪ್ಪಲಿ ಅಂಗಡಿಯ ಬೀದಿಗೆ ತಿರುಗುವಲ್ಲಿ ನೀರಿನ ಟ್ಯಾಂಕರೊಂದು ರಸ್ತೆಗಡ್ಡವಾಗಿ ಹಿಂದೆ ಮುಂದೆ ಹೊರಳುತ್ತಿತ್ತು. ಆ ಕಡೆ ಮೂರು ಕಾರು, ಈ ಕಡೆ ನಾವು. ಇಪ್ಪತ್ತಾರು ವರ್ಷದಲ್ಲಿ ನಾನು ಕಣ್ಣಾರೆ ಕಂಡ ಅಪ್ಪಟ ಅಬ್‌ಸ್ಟ್ರಕ್ಷನ್ ಅದೊಂದೇ ಇರಬೇಕು. "ತೆಗಿಯಪ್ಪಾ ನಿನ್ನ ಆನೇನ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಹಾರ್ಕೊಂಡು ಹೋಗು" ಎಂದ. ಸ್ಕೂಟರನ್ನು ಅಲ್ಲೇ ಬೀಳಿಸಿ ಓಡಿದೆ. ಮೇಡಂ ಹಿಂದೆಯೇ ಓಡಿ ಬಂದರು.

ನೆಲಮಹಡಿಯ ಲಿಫ್ಟಿನ ಬಾಗಿಲು ತೆರೆದು ಮರದ ಬೆಣೆ ಕೊಟ್ಟಿತ್ತು. ಮುಂದೆ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲುಗಾರ. ಎಲ್ಲವೂ ಪುಸ್ತಕದಲ್ಲಿರುವಂತೆಯೇ ಅಚ್ಚುಕಟ್ಟು. ಒಳಗಿನಿಂದ ಕಸ ಹೀರುವ ಯಂತ್ರದ ಗುಂಯ್ ಸದ್ದು. ಕಾವಲುಗಾರನ ಕಾಲ ಬಳಿ ಹಳೆಯ ಪೇಪರು ಹಾಸಿ, ಅದರ ಮೇಲೆ ಅಳಿಯ ಸಾಲಾಗಿ ಜೋಡಿಸಿದ್ದ: ಒಂದು ಕೀಲಿ, ಎರಡು ಹೇರ್‌ಪಿನ್ನು, ಅಂಗಿಯ ಗುಂಡಿ, ಬಾಚಣಿಗೆಯ ತುಂಡು, ಔಷಧಿ ಬಾಟಲಿಯ ಮುಚ್ಚಳ, ಚಪ್ಪಲಿಯ ಬಕಲು. ಒಂದೊಂದನ್ನೂ ಒರೆಸಿ ಇಟ್ಟಿದ್ದ.

ಬಾವಿಯೊಳಗೆ ಬಗ್ಗಿ ಮೇಲೆ ನೋಡಿದೆ. ಕ್ಯಾಬಿನ್ನನ್ನು ಅವನು ಮೊದಲನೇ ಮಹಡಿಯಲ್ಲಿ ನಿಲ್ಲಿಸಿದ್ದ. ಅದರ ತಳ ಈಗ ಆ ಮಹಡಿಯ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಕೆಳಗೆ ನೋಡಿದೆ. ಅಳಿಯ ಬೆನ್ನು ಹಾಕಿ ಮಂಡಿಯೂರಿದ್ದ. ಮುಂಭಾಗವನ್ನೆಲ್ಲ ಸೋಸಿ ಮುಗಿಸಿ ಹಿಂಭಾಗಕ್ಕೆ ಹೋಗಿದ್ದ, ಆ ಕಬ್ಬಿಣ ಇಳಿಯುವ ಜಾಗಕ್ಕೇ.

ಕೂಗಿದೆ, ಅವನಿಗೆ ಕೇಳಿಸಲಿಲ್ಲ. ಗೋಡೆಯಿಂದ ಯಂತ್ರದ ಪ್ಲಗ್ಗು ಕಿತ್ತೆಸೆದೆ. ಸದ್ದು ನಿಂತಿತು.

"ಯಾರ್ರೀ ಕಿತ್ತಿದ್ದು?" ಎಂದು ಅವನು ತಿರುಗಿದ. ನನ್ನನ್ನು ಕಂಡು ಮುಖ ಅರಳಿತು. "ಮಾವ! ಏಳು ಸಿಕ್ಕಿದೆ. ಇನ್ನು ನಾಲ್ಕೇ."

"ಸಾಕು, ಮೇಲೆ ಬಾ."

"ಇನ್ನು ನಾಲ್ಕೇ ಮಾವ. ಈ ಮೂಲೇಲಿ ಜಿಡ್ಡು ಜಾಸ್ತಿ ಇದೆ, ಅದರೊಳಗೆ ಇರತ್ತೆ."

"ಬಾ ಅಂದ್ರೆ ಬಾರೋ! ಊಟದ ಹೊತ್ತಾಯ್ತು."

"ಹನ್ನೊಂದೂವರೆಗೆ ಊಟಾನಾ?" ಎಂದು ನಕ್ಕ. ಆಮೇಲೆ ನನ್ನ ಪಕ್ಕದಲ್ಲಿ ಮೇಡಂ ನಿಂತಿದ್ದನ್ನು ನೋಡಿ ನಗು ನಿಲ್ಲಿಸಿದ. "ನೋಡಿ ಮೇಡಂ, ಏಳು ಸಿಕ್ಕಿದೆ. ನಮ್ಮ ಮಾವ ಇಲ್ಲದೇ ಇರೋದನ್ನ ಬರ್ಯೋರಲ್ಲ. ಅರ್ಧ ಗಂಟೆ ಕೊಡಿ." ಎಂದವನೇ ಮತ್ತೆ ಬೆನ್ನು ತಿರುಗಿಸಿ ಜಿಡ್ಡಿನೊಳಗೆ ಕೈ ಹಾಕಿದ.

"ಬ್ರೇಕ್ ಸ್ವಲ್ಪ ಸರಿ ಇಲ್ಲ ಅನ್ಸತ್ತೆ ಕಣೋ" ಎಂದೆ. ಆಗಲೂ 'ಸ್ವಲ್ಪ', ಆಗಲೂ 'ಅನ್ಸತ್ತೆ'.

"ಪುಸ್ತಕ ನೋಡ್ಕೊಂಡೇ ಬಂದಿದೀನಿ ಮಾವ. ಬ್ರೇಕಿನ ದೂರು ಒಂದೂ ಇಲ್ಲ" ಎಂದ, ತಿರುಗದೆಯೇ.

ಪುಸ್ತಕ! ಆ ಪುಸ್ತಕದಲ್ಲಿ ಬ್ರೇಕಿನ ಹೆಸರು ಬಾರದಂತೆ ನೋಡಿಕೊಂಡವನು ಇಲ್ಲೇ ನಿಂತಿದ್ದ. ಮೇಲೆ ಹಗ್ಗ ಕಿರುಗುಟ್ಟಿತು. ತಲೆಯೆತ್ತಿದೆ. ಕ್ಯಾಬಿನ್ನಿನ ತಳ ಇನ್ನೂ ನಾಲ್ಕು ಬೆರಳು ಏರಿತ್ತು. ಸದ್ದು ಕೇಳಿ ಚಪ್ಪಲಿ ಅಂಗಡಿಯವನು ಹೊರಗೆ ಬಂದಿದ್ದ. ಮೆಟ್ಟಿಲ ಮೇಲೆ ಹಲ್ಲಿನ ಡಾಕ್ಟರ ರೋಗಿಗಳು ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಎಲ್ಲರ ಎದುರಿಗೆ, ಅಷ್ಟೂ ಜನರ ಎದುರಿಗೆ.

"ಅಲ್ಲಿ ಏನೂ ಇಲ್ಲ ಕಣೋ!" ಎಂದು ಕಿರುಚಿದೆ. "ಒಂದೂ ಇಲ್ಲ! ಹನ್ನೊಂದೂ ಸುಳ್ಳು. ನಾನು ಕಲ್ಲೂ ನೋಡ್ಲಿಲ್ಲ, ಪಿನ್ನೂ ನೋಡ್ಲಿಲ್ಲ. ಬ್ರೇಕಿಗೆ ಎಣ್ಣೆ ಇಳಿದು ಎರಡು ತಿಂಗಳಾಯ್ತು. ನಂಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಬರ್ದೆ. ತೂಕ ಇಳೀತಿದೆ, ಬಾರೋ ನನ್ನಪ್ಪಾ, ಬಾ!"

ಅವನು ತಿರುಗಿ ನನ್ನ ಮುಖ ನೋಡಿದ. ಒಂದು ಕ್ಷಣ, ಅಷ್ಟೇ. ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಆಮೇಲೆ ಕೈಯಲ್ಲಿದ್ದ ಬುಟ್ಟಿಯನ್ನು ಬಿಸಾಡಿ ಏಣಿಗೆ ಹಾರಿದ.

ಅವನು ಎರಡನೇ ಮೆಟ್ಟಿಲಲ್ಲಿದ್ದಾಗ ಮೇಲೆ ಬ್ರೇಕು ಪೂರ್ತಿ ಕೈಬಿಟ್ಟಿತು. ಹಗ್ಗಗಳು ಸುಯ್ಯೆಂದವು. ಒಂದು ಕೈಯನ್ನು ನಾನು ಹಿಡಿದೆ, ಇನ್ನೊಂದನ್ನು ಕಾವಲುಗಾರ ಹಿಡಿದ, ಮೇಡಂ ಅವನ ಅಂಗಿಯ ಕಾಲರಿಗೆ ಕೈ ಹಾಕಿದರು. ಮೂರೂ ಜನ ಎಳೆದು ಹಿಂದಕ್ಕೆ ಬಿದ್ದೆವು. ಅವನ ಬೂಟು ಹೊಸ್ತಿಲು ದಾಟುತ್ತಿದ್ದಂತೆ ಕಬ್ಬಿಣ ಬಂದು ಬಡಿಯಿತು. ಕಟ್ಟಡವೇ ನಡುಗಿತು. ಚಪ್ಪಲಿ ಅಂಗಡಿಯ ಗಾಜು ಗಲಗಲ ಎಂದಿತು. ಕಸ ಹೀರುವ ಯಂತ್ರ ಅಪ್ಪಚ್ಚಿಯಾಗಿ, ಅದರ ಕೊಳವೆ ಮಾತ್ರ ಹೊರಗೆ ಉಳಿದಿತ್ತು.

ಚಪ್ಪಲಿ ಅಂಗಡಿಯವನು ಒಂದು ಲೋಟ ನೀರು ತಂದ. ಅಳಿಯ ಅದನ್ನು ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟ. ನಾನು ಭುಜ ಮುಟ್ಟಲು ಹೋದೆ. ಅವನು ಸರಿದು ಕೂತ. ಸಿಟ್ಟಿನಿಂದಲ್ಲ, ಗುರುತಿಲ್ಲದವರು ಬಸ್ಸಿನಲ್ಲಿ ತಾಗಿದರೆ ಸರಿಯುತ್ತಾರಲ್ಲ, ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ನನ್ನ ಎದುರಿಗೆ ಬಂದು ನಿಂತರು. ಅವರ ಮುಖ ಬಿಳುಚಿಕೊಂಡಿತ್ತು. "ನಾನು ಕಳಿಸ್ದೆ ಅವರನ್ನ" ಎಂದರು. "ದಾರೀಲಿ ಮೂರು ಸಲ ಕೇಳ್ದೆ ನಿಮ್ಮನ್ನ." ನನ್ನ ಕೆಲಸ ಹೋಯಿತು ಎಂದು ಆಗಲೇ ಗೊತ್ತಾಯಿತು. ಅದರ ಬಗ್ಗೆ ಎಳ್ಳಷ್ಟೂ ದುಃಖವಾಗಲಿಲ್ಲ. ಹುಡುಗ ಬದುಕಿದನಲ್ಲ, ಇಷ್ಟಕ್ಕೇ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಅಷ್ಟರಲ್ಲಿ ಅಳಿಯ ಬಾಯಿ ಬಿಟ್ಟ. ನನ್ನನ್ನು ನೋಡದೆ, ಗೋಡೆಗೆ ಹೇಳುವಂತೆ ಕೇಳಿದ.

"ನಮ್ಮನೆ ಲಿಫ್ಟೂ ನಿಮ್ಮ ಪಾಲಿಂದೇ ಅಲ್ವಾ, ಮಾವ?"

ನಿಜ. ಅವರ ಮನೆಯಿರುವುದು ಏಳನೇ ಮಹಡಿಯಲ್ಲಿ. ಮಗಳು ದಿನಕ್ಕೆ ಹತ್ತು ಸಲ ಅದರಲ್ಲಿ ಇಳಿದು ಹತ್ತುತ್ತಾಳೆ. ಆ ಲಿಫ್ಟಿನ ದೂರು ಬಂದಾಗಲೆಲ್ಲ, ಮಗಳ ಕೈಯ ಕಾಫಿ ಸಿಗುತ್ತದೆಂದು, ನಾನೇ ಬೇಕೆಂದು ಹೋಗುತ್ತಿದ್ದೆ. ಕಾಫಿ ಕುಡಿದು, ಪುಸ್ತಕ ತುಂಬಿಸಿ ಬರುತ್ತಿದ್ದೆ. ಏನು ಬರೆದಿದ್ದೆ? ಯಾವ ಸಲ ನಿಜವಾಗಿ ಕಲ್ಲಿತ್ತು, ಯಾವ ಸಲ ಇರಲಿಲ್ಲ? ತಲೆಯೆಲ್ಲ ಕೆದಕಿದೆ. ಆ ಪದವೊಂದನ್ನು ಬಿಟ್ಟರೆ ಬೇರೇನೂ ಸಿಗಲಿಲ್ಲ.

ಅವನು ಜೇಬಿನಿಂದ ಫೋನು ತೆಗೆದ. ಗ್ರೀಸಿನ ಬೆರಳಲ್ಲಿ ಒತ್ತಿ, "ಮನೇಲಿದೀಯಾ? ಮನೇಲೇ ಇರು, ಲಿಫ್ಟ್ ಹತ್ಬೇಡ. ಪಕ್ಕದ ಮನೆಯೋರಿಗೂ ಹೇಳು" ಎಂದ. ಆ ಕಡೆಯಿಂದ ಅವಳು ಯಾಕೆ ಯಾಕೆ ಎಂದು ಕೇಳುವುದು ನನಗೂ ಕೇಳಿಸುತ್ತಿತ್ತು. ಅವನು ಹೇಳಲಿಲ್ಲ. ಫೋನನ್ನು ನನ್ನ ಕಡೆಗೆ ಚಾಚಿದ.

"ಅಪ್ಪಾ? ನೀವೂ ಅಲ್ಲೇ ಇದೀರಾ? ಏನಾಯ್ತು?"

ಹೇಳಿದೆ. ಅವಳ ಗಂಡನ ಎದುರಿಗೆ, ಮೇಡಂ ಎದುರಿಗೆ, ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ.

"ನಮ್ಮ ಲಿಫ್ಟಿಗೆ ಎಷ್ಟು ಸಲ ಹಾಗೆ ಬರ್ದಿದೀರ?" ಎಂದು ಕೇಳಿದಳು.

"ನೆನಪಿಲ್ಲ ಮಗಳೇ" ಎಂದೆ. ನಾನು ಆ ದಿನ ಹೇಳಿದ ಮಾತುಗಳಲ್ಲಿ ಅವಳು ನಂಬದೇ ಹೋದದ್ದು ಅದೊಂದನ್ನೇ.